ಮನೆಯ ದಾಖಲೆಗಳ ಎರಡನೆಯ ಪ್ರತಿ: ಹಾರ್ಡ್ ಡಿಸ್ಕ್ ಕೊಳ್ಳುವ ಮುನ್ನ

ನಮ್ಮ ಹಿರಿಯರ ಕಾಲದಲ್ಲಿ ಮನೆಯ ಮುಖ್ಯ ಕಾಗದಪತ್ರಗಳೆಲ್ಲವೂ ಮಂಚದ ಕೆಳಗಿನ ತಗಡಿನ ಟ್ರಂಕಿನಲ್ಲಿರುತ್ತಿದ್ದವು. ಜಮೀನಿನ ಕ್ರಯಪತ್ರ, ಮಕ್ಕಳ ಜಾತಕ, ಶಾಲೆಯ ಪ್ರಮಾಣಪತ್ರ, ವಿಮೆಯ ಪಾಲಿಸಿ, ಊರಿನಿಂದ ಬಂದ ಪತ್ರಗಳು, ಮದುವೆಯ ಭಾವಚಿತ್ರಗಳು – ಇವೆಲ್ಲವನ್ನೂ ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬರುತ್ತಿದ್ದರು. ಇಂದು ಆ ಟ್ರಂಕಿನ ಸ್ಥಾನವನ್ನು ಬಹುಮಟ್ಟಿಗೆ ಗಣಕಯಂತ್ರವು ಪಡೆದುಕೊಂಡಿದೆ. ಮಗುವಿನ ನಾಮಕರಣದ ಚಿತ್ರದಿಂದ ಹಿಡಿದು ಆದಾಯ ತೆರಿಗೆಯ ವಿವರಪಟ್ಟಿಯವರೆಗೆ ಎಲ್ಲವೂ ಅದರೊಳಗೇ ಇವೆ. ಆದರೆ ಟ್ರಂಕಿಗೂ ಗಣಕಯಂತ್ರಕ್ಕೂ ಒಂದು ಮಹತ್ವದ ವ್ಯತ್ಯಾಸವುಂಟು. ಟ್ರಂಕಿಗೆ ತುಕ್ಕು ಹಿಡಿದರೆ ಕಣ್ಣಿಗೆ ಕಾಣುತ್ತದೆ; ಗೆದ್ದಲು ಹಿಡಿದರೂ ನಾಲ್ಕು ಕಾಗದ ಹಾಳಾಗಿ ನಲವತ್ತು ಉಳಿಯುತ್ತವೆ. ಗಣಕಯಂತ್ರದ ಡಿಸ್ಕು ಕೆಡುವಾಗ ಎಷ್ಟೋ ವೇಳೆ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಕೆಟ್ಟರೆ ಇಪ್ಪತ್ತು ವರ್ಷಗಳ ದಾಖಲೆ ಒಂದೇ ಗಳಿಗೆಯಲ್ಲಿ ಇಲ್ಲವಾಗುತ್ತದೆ.

ಈ ಸ್ಮರಣ ಸಂಚಿಕೆಯಲ್ಲಿ ಹೃದಯ, ಮಧುಮೇಹ, ರಕ್ತದೊತ್ತಡಗಳನ್ನು ಕುರಿತು ವೈದ್ಯರು ಬರೆದ ಲೇಖನಗಳ ನಡುವೆ ಈ ವಿಷಯಕ್ಕೆ ಏನು ಸ್ಥಾನವೆಂದು ಓದುಗರು ಕೇಳಬಹುದು. ಆ ವೈದ್ಯರನ್ನೇ ವಿಚಾರಿಸಿ ನೋಡಿ. ರೋಗಿ ಬಂದೊಡನೆ ಅವರು ಮೊದಲು ಕೇಳುವುದು ಹಳೆಯ ರಿಪೋರ್ಟುಗಳನ್ನು. ಐದು ವರ್ಷಗಳ ಹಿಂದಿನ ಇ.ಸಿ.ಜಿ.ಯೊಡನೆ ಇಂದಿನದನ್ನು ಹೋಲಿಸಿದಾಗಲೇ ಬದಲಾವಣೆ ಹೊಸದೋ ಹಳೆಯದೋ ಎಂಬುದು ತಿಳಿಯುತ್ತದೆ. ಈಗ ಸ್ಕ್ಯಾನಿನ ಚಿತ್ರಗಳನ್ನು ಸಿ.ಡಿ.ಯಲ್ಲಿಯೋ ಇ-ಮೇಲಿನಲ್ಲಿಯೋ ಕೊಡುತ್ತಾರೆ. ನಾವು ಅವುಗಳನ್ನು ಗಣಕಯಂತ್ರಕ್ಕೆ ಇಳಿಸಿ ಮರೆತುಬಿಡುತ್ತೇವೆ. ಆದ್ದರಿಂದ ದಾಖಲೆಯ ರಕ್ಷಣೆಯೂ ಒಂದು ಬಗೆಯ ಆರೋಗ್ಯರಕ್ಷಣೆಯೇ ಸರಿ. ಈ ಲೇಖಕನು ವಾಣಿಜ್ಯಶಾಸ್ತ್ರದ ಪದವೀಧರನೇ ಹೊರತು ಇಂಜಿನಿಯರನಲ್ಲ. ಆದರೆ ದಾಖಲೆಗಳನ್ನು ಕಾಯುವುದೇ ಬ್ಯಾಂಕಿನವರ ಕಸುಬಾದ್ದರಿಂದ, ಆ ದೃಷ್ಟಿಯಿಂದ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಯಂತ್ರದ ಒಳಗುಟ್ಟು

ಹಾರ್ಡ್ ಡಿಸ್ಕಿನ ಇತಿಹಾಸವು 1956ರಲ್ಲಿ ಪ್ರಾರಂಭವಾಗುತ್ತದೆ. ಆ ವರ್ಷ ಅಮೆರಿಕೆಯ ಐ.ಬಿ.ಎಂ. ಸಂಸ್ಥೆಯು ರಾಮಾಕ್ ಎಂಬ ಗಣಕಯಂತ್ರದೊಡನೆ ಇಂಥ ಮೊದಲ ಸಾಧನವನ್ನು ಹೊರತಂದಿತು. ಅದರಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ತೂಕ ಸುಮಾರು ಒಂದು ಟನ್. ಇಷ್ಟೆಲ್ಲ ಇದ್ದೂ ಅದು ಹಿಡಿದಿಡುತ್ತಿದ್ದದ್ದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೇ ಅದು ತುಂಬಿಹೋಗುತ್ತಿತ್ತು. ಈಗ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಒಂದು ಲಕ್ಷ ಕೋಟಿ ಅಕ್ಷರಗಳು ಹಿಡಿಯುತ್ತವೆ.

ಗಾತ್ರ ಕುಗ್ಗಿದರೂ ಮೂಲತತ್ತ್ವ ಬದಲಾಗಿಲ್ಲ. ಕಾಂತೀಯ ಲೇಪವುಳ್ಳ ನುಣುಪಾದ ತಟ್ಟೆಯೊಂದು ಮಿಂಚಿನಂತೆ ತಿರುಗುತ್ತಿರುತ್ತದೆ. ಕೈಯಲ್ಲಿ ಒಯ್ಯುವ ಡಿಸ್ಕುಗಳಲ್ಲಿ ಈ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಎಂದರೆ ಸೆಕೆಂಡಿಗೆ 90. ಅದನ್ನು ಓದುವ ಮತ್ತು ಬರೆಯುವ ಹೆಡ್ಡು ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರುಗಳಷ್ಟು ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪ ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಇಷ್ಟು ಸೂಕ್ಷ್ಮವಾದ ಯಂತ್ರವು ಓಡುತ್ತಿರುವಾಗ ಮೇಜಿನ ಮೇಲಿಂದ ಬಿದ್ದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ.

ನಮ್ಮ ಕಟ್ಟಡದಲ್ಲಿರುವ ನಿವೃತ್ತ ಹಿರಿಯರೊಬ್ಬರಿಗೆ ಹೀಗೆಯೇ ಆಯಿತು. ಅವರು ಎಚ್ಚರಿಕೆಯ ಸ್ವಭಾವದವರು. ಗಣಕಯಂತ್ರದಲ್ಲಿ ಜಾಗ ಸಾಲದೆ ಬಂದಾಗ ಒಳ್ಳೆಯ ಕಂಪನಿಯ ಡಿಸ್ಕನ್ನೇ ತಂದು, ಕುಟುಂಬದ ಚಿತ್ರಗಳನ್ನೂ ಧ್ವನಿಮುದ್ರಣಗಳನ್ನೂ ಅದಕ್ಕೆ ಸಾಗಿಸಿ, ಗಣಕಯಂತ್ರದಲ್ಲಿದ್ದವನ್ನು ಅಳಿಸಿದರು. ಮೊಮ್ಮಗನ ಕಾಲಿಗೆ ಕೇಬಲ್ ಸಿಕ್ಕಿ ಡಿಸ್ಕು ನೆಲಕ್ಕೆ ಬಿತ್ತು. ಸಾಕಷ್ಟು ಹಣ ತೆತ್ತ ಮೇಲೆ ಚಿತ್ರಗಳಲ್ಲಿ ಒಂದು ಭಾಗ ಮರಳಿ ದೊರೆಯಿತು. ದಿವಂಗತರಾದ ಅವರ ಪತ್ನಿ ನವರಾತ್ರಿಯಲ್ಲಿ ಹಾಡಿದ್ದ ಆರತಿ ಹಾಡುಗಳ ಮುದ್ರಣ ಮಾತ್ರ ದೊರೆಯಲಿಲ್ಲ. ಆಕೆಯ ಧ್ವನಿ ಬೇರೆಲ್ಲಿಯೂ ಉಳಿದಿರಲಿಲ್ಲ.

ಈ ಸಂಗತಿಯಲ್ಲಿ ಗಮನಿಸತಕ್ಕದ್ದೊಂದಿದೆ. ಅವರು ಕೊಂಡ ಡಿಸ್ಕು ಕಳಪೆಯದಾಗಿರಲಿಲ್ಲ. ಆದರೆ ದಾಖಲೆಯ ಪ್ರತಿ ಮೊದಲೂ ಒಂದೇ ಇತ್ತು, ಆಮೇಲೂ ಒಂದೇ ಇತ್ತು. ಅದರ ಸ್ಥಳವಷ್ಟೇ ಬದಲಾಗಿತ್ತು. ಹೊರಗಿನ ಡಿಸ್ಕಿಗೆ ಸಾಗಿಸಿ ಮೂಲವನ್ನು ಅಳಿಸುವುದು ಬ್ಯಾಕಪ್ ಎನಿಸುವುದಿಲ್ಲ. ಮೂಲವೂ ಇದ್ದು ಪ್ರತಿಯೂ ಇದ್ದಾಗ ಮಾತ್ರ ಅದಕ್ಕೆ ಆ ಹೆಸರು ಸಲ್ಲುತ್ತದೆ.

ಯಾವ ಕಂಪನಿಯದು ಒಳ್ಳೆಯದು?

ಅಂಗಡಿಯಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಪೆಟ್ಟಿಗೆಯ ಮೇಲೆ ಹಲವು ಹೆಸರುಗಳಿದ್ದರೂ, ತಿರುಗುವ ಡಿಸ್ಕುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವವರು ಇಂದು ಜಗತ್ತಿನಲ್ಲಿ ಮೂವರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೋಶಿಬಾ. ಸ್ಯಾಮ್‌ಸಂಗ್ ಸಂಸ್ಥೆಯ ಹಾರ್ಡ್ ಡಿಸ್ಕ್ ವಿಭಾಗವು 2011ರಲ್ಲಿ ಸೀಗೇಟಿಗೂ, ಹಿಟಾಚಿಯದು 2012ರಲ್ಲಿ ವೆಸ್ಟರ್ನ್ ಡಿಜಿಟಲ್‌ಗೂ ಸೇರಿಹೋದವು. ಬೇರೆ ಹೆಸರಿನ ಪೆಟ್ಟಿಗೆಯನ್ನು ಕೊಂಡರೂ ಒಳಗಿರುವ ತಿರುಗುವ ಡಿಸ್ಕು ಈ ಮೂವರಲ್ಲಿ ಒಬ್ಬರದ್ದೇ ಆಗಿರುತ್ತದೆ.

ಇವುಗಳ ಬಾಳಿಕೆಯ ವಿಷಯದಲ್ಲಿ ಅಂಕಿಅಂಶಗಳೂ ಲಭ್ಯವಿವೆ. ಅಮೆರಿಕೆಯ ಬ್ಯಾಕ್‌ಬ್ಲೇಜ್ ಎಂಬ ಸಂಸ್ಥೆಯು ತಾನು ಬಳಸುವ ಲಕ್ಷಾಂತರ ಡಿಸ್ಕುಗಳಲ್ಲಿ ಎಷ್ಟು ಕೆಟ್ಟವೆಂಬುದನ್ನು ಕ್ರಮವಾಗಿ ಪ್ರಕಟಿಸುತ್ತ ಬಂದಿದೆ. ಅದರ ಪ್ರಕಾರ ವಾರ್ಷಿಕ ವೈಫಲ್ಯದ ಪ್ರಮಾಣವು 2022ರಲ್ಲಿ ಶೇಕಡಾ 1.37, 2023ರಲ್ಲಿ 1.70, 2024ರಲ್ಲಿ 1.57. ಒಂದೇ ಕಂಪನಿಯ ಒಂದು ಮಾದರಿ ಬಹಳ ಚೆನ್ನಾಗಿಯೂ ಇನ್ನೊಂದು ಮಾದರಿ ಸಾಧಾರಣವಾಗಿಯೂ ಇರುವುದು ಈ ಪಟ್ಟಿಗಳಲ್ಲಿ ಕಂಡುಬರುತ್ತದೆ. ಇವು ತಂಪಾದ ಕೋಣೆಗಳಲ್ಲಿ ಅಲುಗಾಡದೆ ಕುಳಿತ ದೊಡ್ಡ ಡಿಸ್ಕುಗಳ ಲೆಕ್ಕ. ಚೀಲದಲ್ಲಿ ಹಾಕಿಕೊಂಡು ಲೋಕಲ್ ಟ್ರೈನಿನಲ್ಲಿ ಓಡಾಡುವ ನಮ್ಮ ಡಿಸ್ಕಿಗೆ ಅಷ್ಟು ಸುಖವಿಲ್ಲ.

ಮುನ್ಸೂಚನೆಯ ಮಾತೂ ಹೀಗೆಯೇ. ಡಿಸ್ಕಿನೊಳಗೆ ಸ್ಮಾರ್ಟ್ ಎಂಬ ಸ್ವಯಂಪರೀಕ್ಷೆಯ ವ್ಯವಸ್ಥೆಯುಂಟು; ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ಉಚಿತ ತಂತ್ರಾಂಶದಿಂದ ಅದನ್ನು ಓದಬಹುದು. ಅದು ಅಪಾಯವನ್ನು ಸೂಚಿಸಿದರೆ ಒಡನೆ ಡಿಸ್ಕನ್ನು ಬದಲಾಯಿಸಬೇಕು. ಆದರೆ ಅದರ ಮೌನವನ್ನು ನಂಬುವಂತಿಲ್ಲ. ಗೂಗಲ್ ಸಂಸ್ಥೆಯವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಮುಖ್ಯ ಲಕ್ಷಣಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ.

ಈಗ ಸ್ವಲ್ಪ ಲೆಕ್ಕ ಹಾಕೋಣ. ವರ್ಷಕ್ಕೆ ಶೇಕಡಾ 1.5 ಡಿಸ್ಕುಗಳು ಕೆಡುತ್ತವೆಂದು ಇಟ್ಟುಕೊಳ್ಳೋಣ. ತಲಾ ಒಂದೇ ಡಿಸ್ಕಿನಲ್ಲಿ ಸರ್ವಸ್ವವನ್ನೂ ಇಟ್ಟ ಹತ್ತು ಸಾವಿರ ಕುಟುಂಬಗಳಲ್ಲಿ ವರ್ಷಕ್ಕೆ 150 ಕುಟುಂಬಗಳು ಅದನ್ನು ಕಳೆದುಕೊಳ್ಳುತ್ತವೆ. ತಲಾ ಎರಡು ಡಿಸ್ಕುಗಳಲ್ಲಿಟ್ಟರೆ, ಎರಡೂ ಒಂದೇ ವರ್ಷದಲ್ಲಿ ಕೆಡುವ ಸಂಭವ 1.5ರ ಶೇಕಡಾ 1.5, ಎಂದರೆ ಹತ್ತು ಸಾವಿರದಲ್ಲಿ ಎರಡು ಮೂರು ಕುಟುಂಬಗಳು ಮಾತ್ರ. ಅತ್ಯುತ್ತಮ ಕಂಪನಿಯನ್ನು ಹುಡುಕಿ 1.5ನ್ನು 1ಕ್ಕೆ ಇಳಿಸಿದರೆ ನಷ್ಟಕ್ಕೊಳಗಾಗುವ ಕುಟುಂಬಗಳು 150ರಿಂದ 100ಕ್ಕೆ ಇಳಿಯುತ್ತವೆ. ಸಾಧಾರಣವಾದ ಎರಡನೆಯ ಡಿಸ್ಕೊಂದನ್ನು ಸೇರಿಸಿದರೆ 150ರಿಂದ ಎರಡು ಮೂರಕ್ಕೆ ಇಳಿಯುತ್ತವೆ. ಭರವಸೆಯನ್ನು ಕೊಳ್ಳಬೇಕಾದ ಸ್ಥಳ ಯಾವುದೆಂಬುದು ಈ ಲೆಕ್ಕದಿಂದಲೇ ಸ್ಪಷ್ಟವಾಗುತ್ತದೆ. ಆದರೆ ಎರಡೂ ಡಿಸ್ಕುಗಳು ಒಂದೇ ಚೀಲದಲ್ಲಿದ್ದರೆ, ಒಂದೇ ಕಪಾಟಿನಲ್ಲಿದ್ದರೆ, ಈ ಲೆಕ್ಕ ನಿಲ್ಲುವುದಿಲ್ಲ. ಚೀಲ ಕಳುವಾದಾಗ ಎರಡೂ ಒಟ್ಟಿಗೇ ಹೋಗುತ್ತವೆ.

ಕೊಳ್ಳುವಾಗ ನೋಡತಕ್ಕ ಅಂಶಗಳು

ಮೊದಲನೆಯದು ಗಾತ್ರ. ಗಣಕಯಂತ್ರದಲ್ಲಿ ಈಗ ಎಷ್ಟು ದಾಖಲೆಯಿದೆಯೋ ಅದರ ಎರಡರಷ್ಟಾದರೂ ಸ್ಥಳವಿರುವ ಡಿಸ್ಕನ್ನು ಕೊಳ್ಳಬೇಕು. 400 ಗಿಗಾಬೈಟ್ ಇದ್ದರೆ ಒಂದು ಟೆರಾಬೈಟ್ ಸಾಕು. ಒಂದು ಟೆರಾಬೈಟಿನ ಡಿಸ್ಕನ್ನು ವಿಂಡೋಸ್ ಗಣಕಯಂತ್ರಕ್ಕೆ ಜೋಡಿಸಿದಾಗ 931 ಗಿಗಾಬೈಟ್ ಎಂದು ತೋರಿಸುವುದನ್ನು ಕಂಡು ಅಂಗಡಿಯವನು ತೂಕದಲ್ಲಿ ಮೋಸ ಮಾಡಿದನೆಂದು ಭಾವಿಸಬೇಕಾಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ, ವ್ಯತ್ಯಾಸವಿರುವುದು ಅಲ್ಲಿ.

ಎರಡನೆಯದು ಜಾತಿ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕು ಒಂದು. ಪೆನ್ ಡ್ರೈವಿನಂತೆ ಚಲಿಸುವ ಭಾಗಗಳೇ ಇಲ್ಲದ ಎಸ್.ಎಸ್.ಡಿ. ಇನ್ನೊಂದು. ಎಸ್.ಎಸ್.ಡಿ. ಬಿದ್ದರೂ ಸುಲಭವಾಗಿ ಕೆಡದು. ವೇಗವೂ ಹಲವು ಪಟ್ಟು ಹೆಚ್ಚು. ಆದರೆ ಅಷ್ಟೇ ಸ್ಥಳಕ್ಕೆ ಬೆಲೆ ಹೆಚ್ಚು. ಅದರಲ್ಲಿ ಇನ್ನೊಂದು ಸೂಕ್ಷ್ಮವುಂಟು. ಅದು ಮಾಹಿತಿಯನ್ನು ವಿದ್ಯುದಾವೇಶದ ರೂಪದಲ್ಲಿ ಹಿಡಿದಿಡುವುದರಿಂದ, ಬಹುಕಾಲ ವಿದ್ಯುತ್ ಸಂಪರ್ಕವಿಲ್ಲದೆ ಇಟ್ಟರೆ ಆವೇಶವು ಮೆಲ್ಲಗೆ ಸೋರಿಹೋಗುತ್ತದೆ. ಸೆಕೆ ಹೆಚ್ಚಿದಷ್ಟೂ ಬೇಗ. ಬರೆಯುವ ಆಯುಸ್ಸು ಮುಗಿದ ಗೃಹಬಳಕೆಯ ಎಸ್.ಎಸ್.ಡಿ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ವರ್ಷ ಮಾಹಿತಿಯನ್ನು ಉಳಿಸಿಕೊಳ್ಳಬೇಕೆಂಬುದು ಉದ್ಯಮದ ಮಾನದಂಡ. ಹೊಸದು ಇದಕ್ಕಿಂತ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ. ಹೀಗಾಗಿ ದಿನನಿತ್ಯ ಒಯ್ಯುವುದಕ್ಕೆ ಎಸ್.ಎಸ್.ಡಿ.ಯೂ, ಕಪಾಟಿನಲ್ಲಿಟ್ಟು ಆಗಾಗ ತೆಗೆಯುವುದಕ್ಕೆ ತಿರುಗುವ ಡಿಸ್ಕೂ ತಕ್ಕವು.

ಮೂರನೆಯದು ಆಕಾರ. ಎರಡೂವರೆ ಅಂಗುಲದ ಚಿಕ್ಕ ಡಿಸ್ಕು ಯು.ಎಸ್.ಬಿ. ಕೇಬಲಿನಿಂದಲೇ ವಿದ್ಯುತ್ತನ್ನು ಪಡೆಯುತ್ತದೆ. ಮೂರೂವರೆ ಅಂಗುಲದ ದೊಡ್ಡದಕ್ಕೆ ಪ್ರತ್ಯೇಕ ಅಡಾಪ್ಟರ್ ಬೇಕು. ಅದು ಒಂದೇ ಕಡೆ ಇರತಕ್ಕದ್ದು. ಚಿಕ್ಕ ಡಿಸ್ಕುಗಳಲ್ಲಿ ಹಲವು ಈಗ ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಸಾಲುಗಳನ್ನು ಬರೆಯುವ ಪದ್ಧತಿಯವು. ಒಂದು ಹೆಂಚನ್ನು ಬದಲಿಸಲು ಅಕ್ಕಪಕ್ಕದವನ್ನೂ ಎತ್ತಬೇಕಾಗುವಂತೆ, ಬರೆದುದನ್ನು ತಿದ್ದಿ ಬರೆಯುವಾಗ ಇವು ನಿಧಾನವಾಗುತ್ತವೆ. ಪ್ರತಿ ತೆಗೆದಿಡುವ ಕೆಲಸಕ್ಕೆ ಇದರಿಂದ ಬಾಧಕವಿಲ್ಲ. ಇನ್ನು ಕೆಲವು ಡಿಸ್ಕುಗಳಲ್ಲಿ ಯು.ಎಸ್.ಬಿ. ಸಂಪರ್ಕವನ್ನು ಡಿಸ್ಕಿನ ಫಲಕಕ್ಕೇ ಬೆಸೆದಿರುತ್ತಾರೆ. ಆ ತೂತು ಸಡಿಲವಾದರೆ ಡಿಸ್ಕನ್ನು ಬೇರೆ ಪೆಟ್ಟಿಗೆಗೆ ಹಾಕಿ ಓದಲು ಬರುವುದಿಲ್ಲ. ಆದ್ದರಿಂದ ಕೇಬಲನ್ನು ಎಳೆದಾಡಬಾರದು. ಗಣಕಯಂತ್ರಕ್ಕೆ ಹೇಳಿಯೇ, ಎಂದರೆ ಸುರಕ್ಷಿತವಾಗಿ ತೆಗೆಯುವ ಆಜ್ಞೆಯನ್ನು ಕೊಟ್ಟ ಮೇಲೆಯೇ, ಕಳಚಬೇಕು.

ನಾಲ್ಕನೆಯದು ಅಂಗಡಿ. ಆನ್‌ಲೈನ್ ಮಾರಾಟದಲ್ಲಿ 16 ಟೆರಾಬೈಟಿನ ಎಸ್.ಎಸ್.ಡಿ.ಯೆಂದು ಕೆಲವೇ ಸಾವಿರ ರೂಪಾಯಿಗಳಿಗೆ ಕೊಡುವ ಜಾಹೀರಾತುಗಳನ್ನು ಕಂಡಾಗ ಕೈ ಹಿಂತೆಗೆಯಬೇಕು. ಅವುಗಳಲ್ಲಿ ಇರುವುದು ಚಿಕ್ಕ ಮೆಮರಿ ಕಾರ್ಡು. ದೊಡ್ಡ ಗಾತ್ರವನ್ನು ಸುಳ್ಳಾಗಿ ತೋರಿಸುವಂತೆ ಅದನ್ನು ತಿದ್ದಿರುತ್ತಾರೆ. ನಿಜವಾದ ಸ್ಥಳ ತುಂಬಿದ ಮೇಲೆ ಬರೆದದ್ದೆಲ್ಲ ವ್ಯರ್ಥವಾಗುತ್ತದೆ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶವು ಡಿಸ್ಕನ್ನು ಪೂರ್ತಿಯಾಗಿ ಬರೆದು, ಮರಳಿ ಓದಿ, ಈ ಮೋಸವನ್ನು ಬಯಲಿಗೆಳೆಯುತ್ತದೆ. ಹೊಸ ಡಿಸ್ಕನ್ನು ದಾಖಲೆಗಳನ್ನು ಹಾಕುವ ಮೊದಲೇ ಹೀಗೆ ಪರೀಕ್ಷಿಸುವುದು ಒಳ್ಳೆಯದು. ತಯಾರಿಕೆಯ ದೋಷವಿದ್ದರೂ ಬಿಲ್ಲಿನ ಅವಧಿಯಲ್ಲೇ ತಿಳಿದುಬರುತ್ತದೆ. ವಾರಂಟಿಯ ವಿಷಯದಲ್ಲಿ ಒಂದು ಮಾತನ್ನು ಮರೆಯಬಾರದು. ಡಿಸ್ಕು ಕೆಟ್ಟರೆ ಕಂಪನಿಯವರು ಹೊಸ ಡಿಸ್ಕನ್ನು ಕೊಡುತ್ತಾರೆಯೇ ವಿನಾ ಅದರಲ್ಲಿದ್ದ ದಾಖಲೆಯ ಹೊಣೆಯನ್ನು ಹೊರುವುದಿಲ್ಲ.

ನಕಲು ಬೀಗದ ಕೈಯ ಪಾಠ

ಬ್ಯಾಂಕಿನ ತಿಜೋರಿಯ ವ್ಯವಸ್ಥೆಯನ್ನು ಇಲ್ಲಿ ಉದಾಹರಿಸಬಹುದು. ತಿಜೋರಿಯ ಬೀಗದ ಕೈಗಳು ಒಬ್ಬರ ಬಳಿಯಲ್ಲೇ ಇರುವುದಿಲ್ಲ. ಇಬ್ಬರು ಅಧಿಕಾರಿಗಳ ಜಂಟಿ ಸುಪರ್ದಿನಲ್ಲಿರುತ್ತವೆ. ಅವುಗಳ ನಕಲು ಕೈಗಳನ್ನು ಮೊಹರು ಮಾಡಿ ಬೇರೊಂದು ಶಾಖೆಯಲ್ಲಿ ಇಡುತ್ತಾರೆ. ಅಷ್ಟೇ ಅಲ್ಲದೆ, ಗೊತ್ತಾದ ಅವಧಿಗೊಮ್ಮೆ ನಕಲನ್ನು ತಂದು ಬಳಕೆಗೆ ತೆಗೆದುಕೊಂಡು, ಬಳಕೆಯಲ್ಲಿದ್ದುದನ್ನು ಅಲ್ಲಿ ಇಡುತ್ತಾರೆ. ಇದರಲ್ಲಿ ಮೂರು ನೀತಿಗಳಿವೆ: ಪ್ರತಿಯಿರಬೇಕು, ಅದು ಬೇರೆ ಸ್ಥಳದಲ್ಲಿರಬೇಕು, ಅದು ನಿಜವಾಗಿ ಬೀಗವನ್ನು ತೆರೆಯುತ್ತದೆಂದು ಆಗಾಗ ನೋಡಿಕೊಳ್ಳಬೇಕು.

ಗಣಕಯಂತ್ರದ ತಜ್ಞರೂ ಇದನ್ನೇ ಮೂರು-ಎರಡು-ಒಂದು ಎಂಬ ಸೂತ್ರದಲ್ಲಿ ಹೇಳುತ್ತಾರೆ. ಛಾಯಾಗ್ರಾಹಕ ಪೀಟರ್ ಕ್ರೋಗ್ ಇದನ್ನು ಪ್ರಚಾರಕ್ಕೆ ತಂದರು. ಮೂಲವೂ ಸೇರಿ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಪ್ರತಿ ಮನೆಯ ಹೊರಗೆ. ಈ ಕೊನೆಯ ಮಾತಿನ ಅಗತ್ಯವನ್ನು ಮುಂಬಯಿ ನಿವಾಸಿಗಳಿಗೆ ವಿವರಿಸಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ನೆಲಮಹಡಿಯ ಮನೆಗಳಲ್ಲಿ ಕಪಾಟಿನ ಮೇಲಿನದೂ ಕೆಳಗಿನದೂ ಒಂದಾಗಿ ಮುಳುಗಿದವು. 2015ರ ಡಿಸೆಂಬರಿನಲ್ಲಿ ಚೆನ್ನೈ, 2020ರ ಅಕ್ಟೋಬರಿನಲ್ಲಿ ಹೈದರಾಬಾದ್ ಇದೇ ಸಂಕಟವನ್ನು ಅನುಭವಿಸಿದವು.

ಆದ್ದರಿಂದ ಎರಡು ಡಿಸ್ಕುಗಳನ್ನು ಕೊಳ್ಳುವುದು ಲೇಸು. ಸಾಧ್ಯವಾದರೆ ಎರಡು ಬೇರೆ ತಯಾರಕರವು. ಒಂದು ಮನೆಯಲ್ಲಿರಲಿ, ಇನ್ನೊಂದು ತಮ್ಮನ ಮನೆಯಲ್ಲಿಯೋ, ಬ್ಯಾಂಕಿನ ಲಾಕರಿನಲ್ಲಿಯೋ, ಊರಿನಲ್ಲಿಯೋ ಇರಲಿ. ಮೂರು ತಿಂಗಳಿಗೊಮ್ಮೆ ಅದಲುಬದಲು ಮಾಡಬೇಕು. ಮನೆಯಲ್ಲಿರುವುದನ್ನು ಸದಾ ಗಣಕಯಂತ್ರಕ್ಕೆ ಜೋಡಿಸಿಯೇ ಇಡಬಾರದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆಯ ತಂತ್ರಾಂಶವು ಜಗತ್ತಿನಾದ್ಯಂತ ಹರಡಿ, ಬ್ರಿಟನ್ನಿನ ಆಸ್ಪತ್ರೆಗಳ ಗಣಕಯಂತ್ರಗಳನ್ನೂ ಬಿಡದೆ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಥವು ಜೋಡಿಸಿರುವ ಡಿಸ್ಕಿಗೂ ಬೀಗ ಹಾಕುತ್ತವೆ. ಕಳಚಿಟ್ಟ ಡಿಸ್ಕಿಗೆ ಅವುಗಳ ಕೈ ತಲುಪದು.

ಗೂಗಲ್ ಡ್ರೈವಿನಂಥ ಅಂತರ್ಜಾಲದ ಸ್ಥಳವನ್ನು ಮೂರನೆಯ ಪ್ರತಿಗೆ ಉಪಯೋಗಿಸಬಹುದು. ಆದರೆ ಅಲ್ಲಿ ಕಡತಗಳನ್ನು ಸದಾ ಸಮೀಕರಿಸುವ ಏರ್ಪಾಡು ಇದ್ದಲ್ಲಿ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿದುಹೋಗುತ್ತದೆಂಬುದು ನೆನಪಿರಲಿ.

ಮನೆಯ ಹೊರಗೆ ಇಡುವ ಡಿಸ್ಕಿನಲ್ಲಿ ವೈದ್ಯಕೀಯ ದಾಖಲೆಗಳೂ ಹಣಕಾಸಿನ ವಿವರಗಳೂ ಇರುವುದರಿಂದ ಅದಕ್ಕೆ ಗುಪ್ತಪದದ ರಕ್ಷಣೆ ಅಗತ್ಯ. ಆದರೆ ಗುಪ್ತಪದ ಮರೆತರೆ ಯಾರೂ ಆ ಡಿಸ್ಕನ್ನು ತೆರೆಯಲಾರರು. ಠೇವಣಿಗೆ ನಾಮನಿರ್ದೇಶನ ಮಾಡುವಂತೆ, ಡಿಸ್ಕು ಎಲ್ಲಿದೆ, ಗುಪ್ತಪದವನ್ನು ಎಲ್ಲಿ ಬರೆದಿಟ್ಟಿದೆ ಎಂಬುದನ್ನು ಪತ್ನಿಗೋ ಪತಿಗೋ, ವಯಸ್ಸಿಗೆ ಬಂದ ಮಕ್ಕಳಿಗೋ ತಿಳಿಸಿಡಬೇಕು. ಮನೆಯ ಯಜಮಾನನು ಆಸ್ಪತ್ರೆಯಲ್ಲಿರುವಾಗ ಅವನ ಹಳೆಯ ರಿಪೋರ್ಟು ಬೇಕಾದರೆ, ಅದನ್ನು ತೆಗೆದುಕೊಡಬೇಕಾದವರು ಅವರೇ.

ತಾಳೆ ನೋಡುವುದು

ಕೊನೆಯದಾಗಿ, ಬಹಳ ಮಂದಿ ಕೈಬಿಡುವ ಕೆಲಸವೊಂದಿದೆ. ಲೆಡ್ಜರನ್ನು ಬರೆದ ಮಾತ್ರಕ್ಕೆ ಲೆಕ್ಕ ಸರಿಯಾಯಿತೆಂದು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ, ತಾಳೆ ನೋಡಬೇಕು. ಹಾಗೆಯೇ ಪ್ರತಿ ತೆಗೆದ ಮಾತ್ರಕ್ಕೆ ಬ್ಯಾಕಪ್ ಆಯಿತೆಂದು ತಿಳಿಯಬಾರದು. ವಿಂಡೋಸಿನ ಫೈಲ್ ಹಿಸ್ಟರಿಯಾಗಲಿ, ಮ್ಯಾಕಿನ ಟೈಮ್ ಮಷೀನ್ ಆಗಲಿ ತಾನಾಗಿ ಪ್ರತಿ ಮಾಡುತ್ತಿದ್ದರೂ, ಮೂರು ತಿಂಗಳಿಗೊಮ್ಮೆ ಡಿಸ್ಕನ್ನು ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ, ಹಳೆಯ ಚಿತ್ರವೊಂದನ್ನೂ, ರಿಪೋರ್ಟೊಂದನ್ನೂ, ಹಾಡೊಂದನ್ನೂ ತೆರೆದು ನೋಡಬೇಕು. ತೆರೆದರೆ ದಿನಾಂಕವನ್ನು ಪುಟ್ಟ ನೋಟ್ ಪುಸ್ತಕದಲ್ಲಿ ಬರೆದಿಡಬೇಕು. ಡಿಸ್ಕಿಗೆ ಐದು ವರ್ಷ ತುಂಬಿದಾಗ, ಚೆನ್ನಾಗಿ ಓಡುತ್ತಿದ್ದರೂ, ಹೊಸದನ್ನು ತಂದು ಎಲ್ಲವನ್ನೂ ಅದಕ್ಕೆ ಪ್ರತಿ ಮಾಡಿ, ಹಳೆಯದನ್ನು ಹೆಚ್ಚುವರಿ ಪ್ರತಿಯಾಗಿ ಉಳಿಸಿಕೊಳ್ಳಬಹುದು. ಯಂತ್ರಗಳಿಗೆ ಸವಕಳಿ ತೆಗೆದಿಡುವ ಪದ್ಧತಿ ಮನೆಯಲ್ಲಿಯೂ ಇರಲಿ. ಓಡುತ್ತಿರುವ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಕೇಳಿಬಂದರೆ ಒಡನೆ ನಿಲ್ಲಿಸಿ ತಜ್ಞರಿಗೆ ಕೊಡಬೇಕು. ಮನೆಯಲ್ಲಿ ಬಿಚ್ಚಿದರೆ ಒಂದು ಕಣ ಧೂಳು ಸಾಕು, ಉಳಿದದ್ದೂ ಹೋಗುತ್ತದೆ.

2011ರಿಂದ ಮಾರ್ಚ್ 31ನ್ನು ವಿಶ್ವ ಬ್ಯಾಕಪ್ ದಿನವೆಂದು ಆಚರಿಸುತ್ತಾರೆ. ಅಂದೇ ನಮ್ಮ ದೇಶದಲ್ಲಿ ಲೆಕ್ಕಪತ್ರಗಳ ವರ್ಷ ಮುಗಿಯುವ ದಿನವೂ ಆಗಿರುವುದು ಆಕಸ್ಮಿಕವಾದರೂ ಅರ್ಥಪೂರ್ಣವಾಗಿದೆ. ವರ್ಷಕ್ಕೊಮ್ಮೆ ಆ ದಿನ ಮನೆಯ ದಾಖಲೆಗಳ ಪೂರ್ಣ ತಾಳೆ ನೋಡುವ ಪದ್ಧತಿಯನ್ನು ಪ್ರತಿಯೊಂದು ಕುಟುಂಬವೂ ಇಟ್ಟುಕೊಳ್ಳಬಹುದು. ನಮ್ಮಂಥ ಸಂಘಗಳಿಗೂ ಈ ಮಾತು ಅನ್ವಯಿಸುತ್ತದೆ. ನಾಡಿನಿಂದ ದೂರದಲ್ಲಿ ಆಡಿದ ನಾಟಕಗಳು, ಹಿರಿಯ ಸದಸ್ಯರ ಭಾಷಣಗಳು, ರಾಜ್ಯೋತ್ಸವದ ಚಿತ್ರಗಳು ಹಲವು ಸಂಘಗಳಲ್ಲಿ ಕಾರ್ಯದರ್ಶಿಯೊಬ್ಬರ ಗಣಕಯಂತ್ರದಲ್ಲಿ ಒಂದೇ ಪ್ರತಿಯಾಗಿ ಉಳಿದಿರುತ್ತವೆ. ಮಾತನಾಡಿದವರು, ಹಾಡಿದವರು ಎಂದೆಂದಿಗೂ ನಮ್ಮೊಡನಿರಲಾರರು. ಅವರ ಧ್ವನಿಯನ್ನು ಉಳಿಸಿಕೊಳ್ಳುವುದಕ್ಕೆ ಇಂದು ಬೇಕಾಗಿರುವುದು ಎರಡನೆಯ ಡಿಸ್ಕೊಂದು, ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆಯ ಕೆಲಸ. ಅಷ್ಟನ್ನು ಮಾಡುವ ಸಂಕಲ್ಪವನ್ನು ಓದುಗ ಬಾಂಧವರು ಈ ವಾರದಲ್ಲೇ ಕೈಗೊಳ್ಳಲಿ ಎಂದು ಹಾರೈಸುತ್ತೇನೆ.